ಏಳು ವರ್ಷದ ವಾರಂಟಿ

ಹಳೆಯ ಕಾರಿಗೆ ಎರಡು ಸಾವಿರ ಡಾಲರ್ ಕೊಡುತ್ತೇವೆ ಎಂದು ಶೋರೂಮಿನವರು ಹೇಳಿದಾಗ ಡ್ವೇನ್ ಚೌಕಾಸಿ ಮಾಡಲಿಲ್ಲ. "ಆಯ್ತು" ಎಂದು ಕೀಲಿಯನ್ನು ಮೇಜಿನ ಮೇಲಿಟ್ಟ. ಪಕ್ಕದಲ್ಲಿದ್ದ ಲವಾನ್ ಗಂಡನ ಮುಖ ನೋಡಿದಳು. ಹದಿನಾರು ವರ್ಷ ಆ ಕಾರಿಗೆ ಬೇರೆ ಮೆಕ್ಯಾನಿಕ್ಕನ ಕೈ ತಾಗಿರಲಿಲ್ಲ. ಊರಿನ ಅರ್ಧ ಗಾಡಿಗಳನ್ನು ರಿಪೇರಿ ಮಾಡಿದವನು ಇವನೇ.

"ಹೊಸದಕ್ಕೆ ಕಂಪನಿ ವಾರಂಟಿ ಮೂರು ವರ್ಷ," ಎಂದಳು ಶೋರೂಮಿನ ಹುಡುಗಿ ಬ್ರಿಟಾ, ಕಾಗದ ಮುಂದೆ ತಳ್ಳುತ್ತ. "ದುಡ್ಡು ಕಟ್ಟಿದ್ರೆ ಏಳಕ್ಕೆ ಏರಿಸ್ಬಹುದು. ನಿಮಗ್ಯಾಕೆ ಬಿಡಿ. ಅದನ್ನ ತಗೊಳ್ಳೋರು ಕೈಲಾಗದೋರು ಅಂತ ನಮ್ಮಪ್ಪನಿಗೆ ಬೈದಿದ್ರಂತೆ ನೀವು!"

"ಬೈಸಿಕೊಂಡೂ ಗಾಡಿ ಇವನ ಹತ್ರಾನೇ ತರ್ತಿದ್ದ ನಿಮ್ಮಪ್ಪ," ಎಂದು ಲವಾನ್ ನಕ್ಕಳು.

ಡ್ವೇನ್ ನಗಲಿಲ್ಲ. ಕನ್ನಡಕ ಏರಿಸಿಕೊಂಡು ಕೊನೆಯ ಸಣ್ಣ ಅಕ್ಷರದವರೆಗೂ ಓದಿದ.

"ದಾರೀಲಿ ನಿಂತುಬಿಟ್ರೆ ಯಾರಾದ್ರೂ ಬರ್ತಾರಾ?"

"ಬರ್ತಾರೆ."

"ಜನವರೀಲಿ, ಹಿಮ ಬೀಳ್ತಿದ್ರೂ?"

"ಯಾವಾಗಾದ್ರೂ."

"ಏನು ಕೆಟ್ಟಿದೆ ಅಂತ ಹೇಳೋಕೆ ಬರದಿದ್ರೆ? ಏನೋ ಗೊರಗೊರ ಅಂತಿದೆ ಅಂತಷ್ಟೇ ಫೋನ್ ಮಾಡಿದ್ರೆ? ನಗಲ್ಲ ತಾನೆ?"

ಲವಾನಳ ನಗು ನಿಂತಿತು. ಹಾಗೆ ಅವನಿಗೆ ಫೋನ್ ಮಾಡುತ್ತಿದ್ದವಳು ಅವಳೇ. ಕಳೆದ ವಾರ ಅವನು ಫಾರ್ಗೋ ನಗರದ ಆಸ್ಪತ್ರೆಗೆ ಒಬ್ಬನೇ ಹೋಗಿದ್ದ. ಬಂದವನು, "ಎದೆಯ ಎಕ್ಸ್‌ರೇಲಿ ಕಲೆ ಕಾಣ್ತಿದೆ ಅಂದಿದ್ರಲ್ಲ, ಏನಿಲ್ವಂತೆ" ಎಂದು ಸೂಪು ಕುಡಿದು ಮಲಗಿದ್ದ. ಅವಳೂ ಎರಡನೇ ಪ್ರಶ್ನೆ ಕೇಳಿರಲಿಲ್ಲ.

"ಮೂರೇ ಸಾಕಮ್ಮ," ಎಂದಳು ಬ್ರಿಟಾಗೆ. ದನಿ ಬೇಕಾದ್ದಕ್ಕಿಂತ ಗಟ್ಟಿಯಾಯಿತು. "ಆಮೇಲೆ ಕೆಟ್ರೆ ಇವನೇ ನೋಡ್ಕೋತಾನೆ. ಅಲ್ವಾ ಡ್ವೇನ್?"

"ಏಳು ಹಾಕು," ಎಂದ ಡ್ವೇನ್, ಹುಡುಗಿಗೆ. "ಗಾಡಿ ಅವಳೊಬ್ಬಳ ಹೆಸರಲ್ಲಿರಲಿ."

"ಬೇಡ ಅಂದೆನಲ್ಲ," ಎಂದಳು ಲವಾನ್.

"ಹಾಕು."

ಹೊರಗೆ ಯಾರೋ ಹಳೆಯ ಕಾರನ್ನು ಸ್ಟಾರ್ಟ್ ಮಾಡಿ ಶೋರೂಮಿನ ಹಿಂಬದಿಗೆ ಒಯ್ದರು. ಆ ಸದ್ದು ಪೂರ್ತಿ ಅಡಗುವವರೆಗೆ ಡ್ವೇನ್ ಕಿವಿಗೊಟ್ಟು ಕೂತ. ಬ್ರಿಟಾ ಪೆನ್ನನ್ನು ಲವಾನ್ ಕಡೆ ತಿರುಗಿಸಿಟ್ಟಳು. ಲವಾನ್ ಕೈಗಳನ್ನು ಮಡಿಲಿನಿಂದ ತೆಗೆಯಲಿಲ್ಲ.

"ಸಹಿ ಮಾಡು," ಎಂದ ಅವನು ಮೆಲ್ಲಗೆ, ಕಾರಿನಡಿ ಮಲಗಿ ಟಾರ್ಚು ಹಿಡಿ ಎನ್ನುವಾಗಿನ ಅದೇ ದನಿಯಲ್ಲಿ.

ಕಾಗದವೆಲ್ಲ ಮುಗಿಸಿ ಅವಳು ಹೊರಬಂದಾಗ ಹೊಸ ಕಾರು ಬಾಗಿಲ ಮುಂದೆ ನಿಂತಿತ್ತು. ಇಬ್ಬರೂ ಜೊತೆಯಲ್ಲಿ ಎಲ್ಲಿಗೇ ಹೊರಟರೂ ತಾನೆಂದೂ ಕೂರದ ಡ್ರೈವರ್ ಪಕ್ಕದ ಸೀಟಿನಲ್ಲಿ ಡ್ವೇನ್ ಆಗಲೇ ಕೂತಿದ್ದ. ಬೆಲ್ಟು ಬಿಗಿದುಕೊಂಡು, ಎರಡೂ ಕೈ ತೊಡೆಯ ಮೇಲಿಟ್ಟು, ನೇರ ಮುಂದಕ್ಕೆ ನೋಡುತ್ತಿದ್ದ.