ಬಾಣಂತಿ ಮಲಗಿದ ಕಾರು

ಸೂರ್ಯ ಮಂಕಾದ ವರ್ಷದಿಂದ ಕಲಬುರಗಿಯಲ್ಲಿ ಮೇ ತಿಂಗಳಲ್ಲೂ ನೀರು ಹೆಪ್ಪುಗಟ್ಟುತ್ತದೆ. ಅಗ್ಗಿಷ್ಟಿಕೆಗೆ ಕಟ್ಟಿಗೆಯೂ ಇಲ್ಲ. ಬಾಣಂತಿಯರನ್ನು ಕಾರಿನ ಹಿಂದಿನ ಸೀಟಿನಲ್ಲೇ ಮಲಗಿಸುತ್ತಾರೆ. ಚಾರ್ಜಿಗೆ ಹಾಕಿದರೆ ಅದರಡಿಯ ಬ್ಯಾಟರಿ ಬೆಚ್ಚಗಾಗುತ್ತದೆ.

ಜಗದೇವಮ್ಮನ ಕಾರಿನಲ್ಲಿ ಎಚ್ಚರಿಕೆಯ ಕೆಂಪು ದೀಪ ಹತ್ತಿತ್ತು. ಸೊಸೆ ಕೂಸನ್ನು ಅವಚಿಕೊಂಡು ಮಲಗಿದ್ದಳು. ಮೆಕ್ಯಾನಿಕ್ ಮಸ್ತಾನ ಸೀಟಿನ ಕೆಳಗೆ ಕೈ ಹಾಕಿ, ಬ್ಯಾಟರಿಗೆ ಗಾಳಿ ಹೋಗುವ ಕಿಂಡಿಯಿಂದ ಹಳೆ ಸೀರೆಯೊಂದನ್ನು ಎಳೆದ.

"ಯಾರು ತುರುಕ್ಯಾರ್ರಿ ಇದನ್ನ?"

"ನಾನೇ, ತಮ್ಮಾ. ಕೂಸಿಗಿ ಇನ್ನಷ್ಟು ಬೆಚ್ಚಗ ಇರ್ಲಿ ಅಂತ," ಎಂದಳು ಜಗದೇವಮ್ಮ.

"ಆಯಿ, ಹಿಂಗೇ ಬಿಟ್ಟಿದ್ರ ಕಾರೇ ಹೊತ್ತಿ ಉರೀತಿತ್ತು!"

ಬ್ಯಾಟರಿ ತಂಪಾಗಿಸುವ ಫ್ಯಾನು ತಿರುಗಿತು, ದೀಪ ಆರಿತು. ಸ್ವಲ್ಪ ಹೊತ್ತಿಗೆ ಸೀಟು ತಣ್ಣಗಾಗಿ ಕೂಸಿನ ತುಟಿ ನೀಲಿಗಟ್ಟತೊಡಗಿತು.

ಮಸ್ತಾನ ಅರ್ಧ ಸೀರೆಯನ್ನು ಮತ್ತೆ ಕಿಂಡಿಗೆ ತುರುಕಿದ. ಇನ್ನರ್ಧವನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ದೀಪದ ಮೇಲೆ ಕಣ್ಣಿಟ್ಟು ಅಲ್ಲೇ ಕುಳಿತ.