ಗೇಟಿನ ಪಟ್ಟಿಯಲ್ಲಿ ಒಂದು ಹೆಸರು

"ಇಲ್ಲೊಂದು ಚೌಕ ಖಾಲಿ ಬಿಟ್ಟಿದ್ದೀಯಲ್ಲ ಮಗಳೇ," ಎಂದಳು ಕೌಂಟಿ ನ್ಯಾಯಾಲಯದ ಗುಮಾಸ್ತೆ ವರ್ಲೀನ್. ವಾರೆನ್ ಬ್ರೈಸ್ ಎಂಬವನು ಹೆಂಡತಿಯ ಹತ್ತಿರವಾಗಲಿ ಮಗಳ ಹತ್ತಿರವಾಗಲಿ ಸುಳಿಯಕೂಡದೆಂಬ ರಕ್ಷಣಾ ಆದೇಶಕ್ಕೆ ನ್ಯಾಯಾಧೀಶರು ಸಹಿ ಹಾಕಿ ಹತ್ತು ನಿಮಿಷವೂ ಆಗಿರಲಿಲ್ಲ. ಖಾಲಿ ಉಳಿದಿದ್ದದ್ದು ಕೊನೆಯ ಪ್ರಶ್ನೆ: ಸೇನಾನೆಲೆಗೂ ತಿಳಿಸಬೇಕೆ?

ಹೆಂಡತಿ ಡೆಲ್ಫಿನಾ ಪೆನ್ನು ಮುಟ್ಟಲಿಲ್ಲ. ಸಮವಸ್ತ್ರದಲ್ಲೇ ಬಂದಿದ್ದಳು. ನೆಲೆಯ ಲಾರಿ ರಿಪೇರಿ ವಿಭಾಗದಲ್ಲಿ ಸಾರ್ಜೆಂಟ್. ಅಲ್ಲಿ ಒಂಬತ್ತು ಗಂಡಸರು ಅವಳ ಮಾತು ಕೇಳುತ್ತಿದ್ದರು, ಮನೆಯಲ್ಲಿ ಒಬ್ಬ ಕೇಳಲಿಲ್ಲ. ಅವನು ಸೈನಿಕನೂ ಅಲ್ಲ, ಊರಿನ ಟೈರ್ ಅಂಗಡಿಯವನು. ಆದರೆ ಸೇನೆಯಲ್ಲಿರುವವಳ ಗಂಡನೆಂದು ಸಿಕ್ಕ ಕಾರ್ಡು ಅವನ ಜೇಬಿನಲ್ಲಿತ್ತು. ಅದನ್ನು ತೋರಿಸಿದರೆ ನೆಲೆಯ ಗೇಟು ತೆರೆಯುತ್ತಿತ್ತು.

"ಗೇಟಲ್ಲಿರೋರೆಲ್ಲ ನನಗೆ ಗೊತ್ತಿರೋ ಹುಡುಗರು. ನಾಳೆ ಅವರ ಮುಖ ಹೆಂಗೆ ನೋಡಲಿ?" ಎಂದಳು ಡೆಲ್ಫಿನಾ. "ಈಗ ತಾನೇ ಹೊರಗಡೆ ನಕ್ಕೊಂಡು ಹೋದ. ಗಂಡನ ಕೈಲಿ ಏಟು ತಿಂತೀನಿ ಅಂತ ನಿನ್ನ ಸೇನೆಯವರ ಹತ್ರ ಹೇಳ್ಕೊಳ್ತೀಯಾ, ಊರಿನ ಕೋರ್ಟಿನ ಕಾಗದ ಗೇಟಿನ ಒಳಗೆ ಯಾರು ಮೂಸಿ ನೋಡ್ತಾರೆ, ಅಂದ."

"ಅವನ ಮಾತು ಬಿಡು. ಮಗು ಎಲ್ಲಿದೆ?"

"ನೆಲೆಯ ಶಿಶುವಿಹಾರದಲ್ಲಿ. ಮೂರು ಗಂಟೆಗೆ ಬಿಡ್ತಾರೆ." ಅವಳು ಗೋಡೆಯ ಗಡಿಯಾರ ನೋಡಿದಳು. ಎರಡೂವರೆ ಆಗಿತ್ತು. "ಇವತ್ತು ಬುಧವಾರ. ಬುಧವಾರ ಕರ್ಕೊಂಡು ಬರೋದು ಅವನೇ."

ವರ್ಲೀನ್ ಶಿಶುವಿಹಾರಕ್ಕೆ ಫೋನ್ ಮಾಡಿದರೆ, ಸೇನಾ ಪೊಲೀಸರಿಂದ ಮಾತು ಬಾರದೆ ಅಪ್ಪನಿಗೆ ಇಲ್ಲ ಅನ್ನೋಕಾಗಲ್ಲ ಎಂದರು. ಇಲ್ಲಿಂದ ನೆಲೆಗೆ ಅರ್ಧ ಗಂಟೆಯ ದಾರಿ, ಅವನಾಗಲೇ ಹೊರಟಿದ್ದ. ಡೆಲ್ಫಿನಾ ಪೆನ್ನು ಎತ್ತಿ ಚೌಕದಲ್ಲಿ ಗುರುತು ಹಾಕಿದಳು.

ಆದೇಶವನ್ನು ಗೇಟಿಗೆ ಕಳಿಸಿ ಕಾಫಿಗೆ ಹೋಗುವ ಪೈಕಿಯಲ್ಲ ನಮ್ಮ ವರ್ಲೀನ್. ಫೋನ್ ಮಾಡಬೇಕು, ಆ ಕಡೆಯವರಿಂದ ಅಕ್ಷರಕ್ಷರ ಓದಿಸಬೇಕು. ಮೂವತ್ತೊಂದು ವರ್ಷದಿಂದ ಇದು ಎಲ್ಲರಿಗೂ ತಲೆನೋವು, ಅವಳಿಗೆ ಮಾತ್ರ ಹೆಮ್ಮೆ. ಡೆಲ್ಫಿನಾಳಿಗೂ ಕೇಳಲೆಂದು ಫೋನಿನ ಸ್ಪೀಕರ್ ಒತ್ತಿದಳು.

"ಬಂತು ಮೇಡಂ, ಒಳಗೆ ಬಿಡಬಾರದವರ ಪಟ್ಟಿಗೆ ಹೆಸರು ಸೇರಿಸಿದ್ದೀನಿ," ಎಂದ ಗೇಟ್ ಕಾಯುವ ಸೇನಾ ಪೊಲೀಸ್ ಕಚೇರಿಯ ಕಾರ್ಪೊರಲ್ ಪಿಕೆಟ್.

"ಓದಿ."

"ಮೇಡಂ, ನಮಗೂ ಓದು ಬರಹ ಕಲಿಸಿದ್ದಾರೆ."

"ಒಳ್ಳೇದಾಯ್ತು. ಹಂಗಾದ್ರೆ ಕಷ್ಟ ಆಗಲ್ಲ. ಮನೆತನದ ಹೆಸರು ಏನು ಹಾಕಿದ್ದೀರಿ?"

"ವಾರೆನ್."

ವರ್ಲೀನ್ ಹಣೆ ಚಚ್ಚಿಕೊಂಡಳು. ನ್ಯಾಯಾಲಯದವರು ಮೊದಲು ಬರೆಯುವುದು ಇಟ್ಟ ಹೆಸರನ್ನು, ಸೇನೆಯವರು ಮೊದಲು ಬರೆಯುವುದು ಮನೆತನದ ಹೆಸರನ್ನು. ಇವನದೋ ಹಿಂದುಮುಂದು ಮಾಡಿದರೂ ಹೆಸರೇ. ಗೇಟಿನವರು ಈಗ ತಡೆಯಲು ಕಾದಿದ್ದದ್ದು ಹುಟ್ಟಿಯೇ ಇರದ ಬ್ರೈಸ್ ವಾರೆನ್ ಎಂಬವನನ್ನು. ಹುಟ್ಟಿದವನು ಕಾರ್ಡು ತೋರಿಸಿ ಸಲೀಸಾಗಿ ಒಳಗೆ ಹೋಗುತ್ತಿದ್ದ.

"ಇಟ್ಟ ಹೆಸರು ವಾರೆನ್, ಕಾರ್ಪೊರಲ್. ಮನೆತನ ಬ್ರೈಸ್. ತಿರುಗಿಸಿ ಹಾಕಿ. ನಾನು ಫೋನ್ ಇಡಲ್ಲ."

ಆ ಕಡೆ ಟಕಟಕ ಸದ್ದಾಯಿತು, ಆಮೇಲೆ ನಿಂತಿತು. "ಬ್ರೈಸ್ ಅಂದ್ರೆ... ಲಾರಿ ವಿಭಾಗದ ನಮ್ಮ ಬ್ರೈಸ್ ಅವರ ಕಡೆಯವನಾ?"

ವರ್ಲೀನ್ ಫೋನನ್ನು ಡೆಲ್ಫಿನಾಳ ಕಡೆ ಸರಿಸಿದಳು. ಅದು ಗುಮಾಸ್ತೆ ಹೇಳುವ ಮಾತಾಗಿರಲಿಲ್ಲ. ಡೆಲ್ಫಿನಾ ತಲೆ ತಗ್ಗಿಸಿ ಕೂತಿದ್ದಳು. ಗಡಿಯಾರ ಎರಡು ನಲವತ್ತೆಂಟು ತೋರಿಸುತ್ತಿತ್ತು.

"ಹೌದು," ಎಂದಳು ಡೆಲ್ಫಿನಾ ಕೊನೆಗೆ. "ನನ್ನ ಗಂಡ. ಎರಡು ವರ್ಷದಿಂದ ಹೊಡೀತಿದ್ದಾನೆ. ಈಗ ನನ್ನ ಮಗೂನ ಕರ್ಕೊಂಡು ಹೋಗೋಕೆ ಬರ್ತಿದ್ದಾನೆ. ಅವನನ್ನ ಒಳಗೆ ಬಿಡಬೇಡ, ಪಿಕೆಟ್."

"ಬಿಡಲ್ಲ," ಎಂದ ಪಿಕೆಟ್. ಅವನ ದನಿಯಲ್ಲಿ ಕನಿಕರದ ಸುಳಿವೂ ಇರಲಿಲ್ಲ, ಅಪ್ಪಣೆ ಪಡೆದವನ ದನಿ ಅದು. ಅಷ್ಟು ಸಾಕಾಗಿತ್ತು ಅವಳಿಗೆ. ಕಣ್ಣು ಒರೆಸಿಕೊಂಡು ನೆಟ್ಟಗೆ ಕೂತಳು.

ಆರು ನಿಮಿಷ ಕಳೆಯಿತು. ಫೋನಿನಲ್ಲಿ ಮತ್ತೆ ಪಿಕೆಟ್‌ನ ದನಿ ಬಂತು. "ಬಂದ. ಗೇಟಲ್ಲೇ ನಿಲ್ಲಿಸಿ ಕಾರ್ಡು ಇಸ್ಕೊಂಡ್ವಿ. ಶಿಶುವಿಹಾರಕ್ಕೂ ಹೇಳಿದ್ದೀವಿ, ನಮ್ಮವರೊಬ್ಬರು ಬಾಗಿಲಲ್ಲಿ ನಿಂತಿದ್ದಾರೆ. ಇವನು ಇಲ್ಲಿ ಒಂದೇ ಸಮ ಕೂಗಾಡ್ತಿದ್ದಾನೆ, ಗೇಟಿಗೆ ಹೇಳಿದ್ಯಾರು ಅಂತ. ನೀವೇನೂ ಯೋಚನೆ ಮಾಡ್ಬೇಡಿ, ನಿಮ್ಮ ಹೆಸರು ನಾವು ಎತ್ತಲ್ಲ."

ಡೆಲ್ಫಿನಾ ಎದ್ದು ಟೋಪಿ ಕೈಗೆ ತೆಗೆದುಕೊಂಡಳು. ಫೋನಿನ ಹತ್ತಿರ ಬಗ್ಗಿದಳು.

"ಎತ್ತು," ಎಂದಳು. "ಸಾರ್ಜೆಂಟ್ ಡೆಲ್ಫಿನಾ ಬ್ರೈಸ್ ಹೇಳಿದ್ರು ಅಂತ ಹೇಳು. ಅವನಿಗೊಬ್ಬನಿಗೇ ಅಲ್ಲ, ಅಲ್ಲಿರೋರಿಗೆಲ್ಲ ಕೇಳೋ ಹಂಗೆ ಹೇಳು."