ಏಳನೇ ಕೋಣೆಯ ಮಾತು

ಗುರುತು ಹಿಡಿದುಬಿಟ್ಟಳೇ? ಇರಲಾರದು. ನಲವತ್ತೆರಡು ವರ್ಷ. ಅವಳ ತರಗತಿಯಲ್ಲಿ ಕೂತಾಗ ಸ್ಟೂರೆಗೆ ಎಂಟು. ಈಗ ತಲೆಯಲ್ಲಿ ಕೂದಲಿಲ್ಲ, ಮೂಗಿನ ಮೇಲೆ ಕನ್ನಡಕ, ನರ್ಸ್ ಸಮವಸ್ತ್ರದ ಎದೆಯ ಬಿಲ್ಲೆಯಲ್ಲಿ ಹೆಂಡತಿಯ ಮನೆತನದ ಹೆಸರು. ಹಾಗಿದ್ದರೆ ತನ್ನನ್ನು ಕಂಡಾಗ ಮಾತ್ರ ಯಾಕೆ ಬಾಯಿ ತೆರೆಯುತ್ತಾಳೆ?

ಸ್ಟೂರೆ ಚಮಚವನ್ನು ಬಟ್ಟಲಿಗೆ ಮರಳಿಸಿದ. ಬ್ಲೂಬೆರಿ ಗಂಜಿ ಮುದುಕಿಯ ಗಲ್ಲದ ಮೇಲೆ ಇಳಿಯುತ್ತಿತ್ತು. ಒರೆಸಿದ. ಹಿಲ್ದೂರ್ ಬರ್ಗ್‌ಫೋರ್ಸ್, ಎಂಬತ್ತನಾಲ್ಕು ವರ್ಷ, ನಿವೃತ್ತ ಶಿಕ್ಷಕಿ. ಪಾರ್ಶ್ವವಾಯು ಅವಳ ಬಲಗೈಯನ್ನೂ ನುಂಗುವ ಶಕ್ತಿಯನ್ನೂ ಸ್ವೀಡಿಷ್ ಭಾಷೆಯನ್ನೂ ಒಟ್ಟಿಗೆ ಕೊಂಡೊಯ್ದಿತ್ತು. ಕೇಳಿದ್ದು ತಿಳಿಯುತ್ತದೆ, ಆಡಲು ಬಾರದು ಎಂದು ಡಾಕ್ಟರ ಅಂದಾಜು. ನಾಲಿಗೆಯಲ್ಲಿ ಉಳಿದದ್ದು ಸ್ವೀಡನ್ನಿನ ಉತ್ತರದ ಗಡಿಕಣಿವೆಯವರು ಮನೆಯಲ್ಲಿ ಆಡುವ ಫಿನ್ನಿಷ್. ಕಡಲತೀರದ ಈ ವಾರ್ಡಿನಲ್ಲಿ ಯಾರೂ ಆಡದ ಭಾಷೆ.

ಅವಳು ಎಡಗೈಯಿಂದ ಅವನ ತೋಳು ಹಿಡಿದು ಅದೇ ವಾಕ್ಯವನ್ನು ಮತ್ತೆ ಹೇಳಿದಳು. ಸೋಮವಾರದಿಂದ ಅದೇ ವಾಕ್ಯ.

ಬಾಗಿಲಲ್ಲಿ ಹೆಡ್ ನರ್ಸ್ ಗುನ್‌ವೋರ್ ನಿಂತಿದ್ದಳು. "ನೋಡು, ನೀನು ಬಂದ್ರೆ ಮಾತ್ರ ಟೀಚರಮ್ಮ ಬಾಯಿ ಬಿಡೋದು. ನಾನೇನು ಅವರ ಹಲ್ಲು ಕಿತ್ತಿದೀನಾ? ಏನಂತಾರೋ?"

"ತುಂಬಾ ಮೆತ್ತಗೆ ಹೇಳ್ತಾರೆ."

"ಒಂದೆರಡು ಶಬ್ದ ಆದ್ರೂ ನೆನಪಿಟ್ಕೊಳ್ಳೋ ಮಾರಾಯ. ಬುಧವಾರ ಫೋನಲ್ಲಿ ಸಿಗೋ ದುಭಾಷಿಗೆ ಹೇಳಬಹುದು."

"ನನ್ನ ಬಾಯಲ್ಲಿ ಫಿನ್ನಿಷ್ ಕೇಳಿದ್ರೆ ನೀನೇ ಬೆಚ್ಚಿಬೀಳ್ತೀಯ."

ಗುನ್‌ವೋರ್ ನಕ್ಕಳು.

ಅವಳ ಇಚ್ಛೆ ಏನೆಂದು ಶುಕ್ರವಾರದೊಳಗೆ ಗೊತ್ತಾಗಬೇಕಿತ್ತು. ಮೂಗಿನ ಮೂಲಕ ಆಹಾರಕ್ಕಾಗಿ ಹೊಟ್ಟೆಗೆ ನಳಿಕೆ ಇಳಿಸುವ ವಿಚಾರವನ್ನು ಡಾಕ್ಟರ್ ಸೋಮವಾರ ಹಾಸಿಗೆಯ ಪಕ್ಕ ಕೂತು ನಿಧಾನವಾಗಿ ವಿವರಿಸಿದ್ದರು. ಅವಳು ತಲೆಯಾಡಿಸಿದ್ದಳು. ಆದರೆ ನೀವು ಈ ದೇಶದ ರಾಣಿಯೇ ಎಂದು ಕೇಳಿದಾಗಲೂ ತಲೆಯಾಡಿಸಿದ್ದಳು. ತಲೆಯನ್ನು ನಂಬುವಂತಿರಲಿಲ್ಲ. ಮಾತು ಬೇಕಿತ್ತು. ಅವಳು ಬೇಡವೆಂದರೆ ನಳಿಕೆಯಿಲ್ಲ, ಕಿಟಕಿ ತೆರೆದು ಸಾವಿಗೆ ಕಾಯುವುದಷ್ಟೆ. ಏನೂ ತಿಳಿಯದಿದ್ದರೆ ನಳಿಕೆ.

ಬುಧವಾರ ಹತ್ತಕ್ಕೆ ಸ್ಟಾಕ್‌ಹೋಮಿನ ದುಭಾಷಿ ಫೋನಿನಲ್ಲಿ ಸಿಕ್ಕಳು. ಹದಿನೈದು ನಿಮಿಷ. ಫೋನಿನ ಸ್ಪೀಕರಿನಿಂದ ಫಿನ್ನಿಷ್ ಹೊರಬಿದ್ದದ್ದೇ ತಡ, ಹಿಲ್ದೂರ್ ಬಾಗಿಲ ಕಡೆ ನೋಡಿದಳು. ಹೊರಗೆ ಯಾರಾದರೂ ಕೇಳಿಸಿಕೊಂಡರೇನೋ ಎಂಬಂತೆ. ಕೆನ್ನೆ ಕೆಂಪಾಯಿತು. ತುಟಿ ಬಿಗಿದಳು.

"ನಿಮ್ಮದೇ ಭಾಷೆ ಅಲ್ವಾ ಟೀಚರಮ್ಮ, ಮಾತಾಡಿ!" ಗುನ್‌ವೋರ್ ಬೇಡಿಕೊಂಡಳು.

ದುಭಾಷಿ ಮೂರು ಸಲ ಕೇಳಿದಳು, ನಾಲ್ಕನೆಯ ಸಲ ವಂದಿಸಿ ಫೋನಿಟ್ಟಳು. ಗುನ್‌ವೋರ್ ಹೊರಗೆ ಹೋದಳು. ಹಿಲ್ದೂರ್ ಸ್ಟೂರೆಯ ತೋಳಿಗೆ ಕೈ ಚಾಚಿದಳು, ಮತ್ತೆ ಆ ವಾಕ್ಯ. ಆಮೇಲೆ ಇನ್ನೇನೋ ಗೊಣಗಿದಳು. ಅವನು ದಿಂಬನ್ನು ಎಡಕ್ಕೆ ಸರಿಸಿದ, ಪರದೆ ಎಳೆದ. ಅವಳು ಕಣ್ಣು ಮುಚ್ಚಿದಳು.

"ಅದು ಹೇಗಯ್ಯಾ?" ಕಾರಿಡಾರಿನಲ್ಲಿ ಗುನ್‌ವೋರ್ ಕೇಳಿದಳು. "ಅವರು ಗೊಣಗೋದೇ ತಡ, ದಿಂಬು ಅಂದ್ರೆ ದಿಂಬು, ಕಂಬಳಿ ಅಂದ್ರೆ ಕಂಬಳಿ. ಒಂದು ಸಲಾನೂ ತಪ್ಪಲ್ಲ."

"ಇಪ್ಪತ್ತೈದು ವರ್ಷದ ಅಭ್ಯಾಸ."

"ನಂದೂ ಇಪ್ಪತ್ತಾರಾಯ್ತಪ್ಪ. ಅವರು ಕಂಬಳಿ ಕೇಳಿದ್ರೆ ನಾನು ಬೆಡ್‌ಪ್ಯಾನ್ ಹಿಡ್ಕೊಂಡು ಹೋಗ್ತೀನಿ."

ಗುರುವಾರ ಮಧ್ಯಾಹ್ನದ ಕಾಫಿಯ ಹೊತ್ತಿಗೆ ಹಿಲ್ದೂರಳ ತಮ್ಮನ ಮಗ ಯೋರನ್ ಬಂದ. ಸಂಬಂಧಿಕ ಅಂತ ಇದ್ದವನು ಅವನೊಬ್ಬನೇ. ಗುನ್‌ವೋರ್ ಅವನಿಗೂ ಒಂದು ಲೋಟ ಸುರಿದು, ದಾಲ್ಚಿನ್ನಿ ಬನ್ನು ಮುಂದಿಟ್ಟು, ಫಿನ್ನಿಷ್ ಬರುತ್ತದೆಯೇ ಎಂದು ಕೇಳಿದಳು.

"ನನಗಾ? ಅತ್ತೆಗೆ ಬರುತ್ತೆ ಅಂತಾನೇ ನನಗೆ ನಿಮ್ಮಿಂದ ಗೊತ್ತಾಗಿದ್ದು ಸಿಸ್ಟರ್. ಆ ಭಾಷೆ ಕಂಡ್ರೆ ಉರಿದು ಬೀಳ್ತಿದ್ಲು. ಅವಳ ಶಾಲೇಲಿ ಯಾವ ಮಗು ಬಾಯಲ್ಲಾದ್ರೂ ಒಂದು ಫಿನ್ನಿಷ್ ಮಾತು ಬಂತೋ, ಮುಗೀತು. ಮಧ್ಯಾಹ್ನದ ಊಟ ಇಲ್ಲ, ಗೋಡೆಗೆ ಮುಖ ಮಾಡಿ ಸಾಯಂಕಾಲದ ತನಕ ನಿಂತ್ಕೋಬೇಕು. ಮೇಲಿಂದ ಬಂದ ನಿಯಮ ಅಂತಿದ್ಲು. ಆದ್ರೆ ಹೆಮ್ಮೆಯಿಂದಾನೇ ಹೇಳ್ತಿದ್ಲು."

"ಅಯ್ಯೋ. ಆ ಮಕ್ಕಳಿಗೆ ಮನೇಲಿ ಬೇರೆ ಭಾಷೇನೇ ಇರಲಿಲ್ಲವಲ್ಲ?"

"ಅವಳು ಹುಟ್ಟಿದ ಮನೇಲೂ ಇರಲಿಲ್ಲ ಅಂತ ಈಗ ಕಾಣ್ಸುತ್ತೆ. ನಮ್ಮಪ್ಪ ಹುಟ್ಟಿದ್ದೂ ಅದೇ ಮನೇಲಿ. ಸಾಯೋ ತನಕ ಒಂದು ದಿನಾನೂ ಇದನ್ನ ಬಾಯಿ ಬಿಡಲಿಲ್ಲ, ಆಸಾಮಿ."

ಸ್ಟೂರೆ ತೊಟ್ಟಿಯ ಬಳಿ ತನ್ನ ಲೋಟ ತೊಳೆಯುತ್ತಿದ್ದ. ಒರೆಸಿದ. ಒಣಗಿದ ಮೇಲೂ ಒರೆಸುತ್ತಿದ್ದ.

ಶುಕ್ರವಾರ ಡಾಕ್ಟರ್ ಏಳನೇ ಕೋಣೆಗೆ ಬಂದರು. ಟ್ರೇಯ ಮೇಲೆ ನಳಿಕೆ ಸಿದ್ಧವಾಗಿತ್ತು. ಹಿಲ್ದೂರ್ ಅದನ್ನು ನೋಡಿದಳು, ಸ್ಟೂರೆಯನ್ನು ನೋಡಿದಳು. ಈ ಸಲ ಗೊಣಗಲಿಲ್ಲ. ದಡ್ಡ ಹುಡುಗನಿಗೆ ಉಕ್ತಲೇಖನ ಕೊಡುವಂತೆ ಒಂದೊಂದೇ ಪದವನ್ನು ಬಿಡಿಸಿ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಆ ವಾಕ್ಯ ಹೇಳಿದಳು.

"ನಿಮ್ಮ ಹತ್ತಿರ ಮಾತ್ರ ಮಾತಾಡ್ತಾರಂತೆ," ಡಾಕ್ಟರ್ ಸ್ಟೂರೆಯತ್ತ ತಿರುಗಿದರು. "ನಿಮಗೇನನ್ನಿಸುತ್ತೆ? ಬೇಕು ಅಂತಾರಾ, ಬೇಡ ಅಂತಾರಾ?"

ಸ್ಟೂರೆಯ ಕಿವಿ ಬಿಸಿಯಾಯಿತು. ಬಾಯಿ ತೆರೆದ. ಎಂಟನೇ ವಯಸ್ಸಿನಲ್ಲಿ ಊಟವಿಲ್ಲದೆ ಸಾಯಂಕಾಲದ ತನಕ ದಿಟ್ಟಿಸಿದ ಗೋಡೆ ನೆನಪಾಯಿತು.

"ಹೇಳೋಕಾಗಲ್ಲ ಡಾಕ್ಟ್ರೇ," ಎಂದ.

ನಳಿಕೆ ಇಳಿಸಿದರು. ಅವಳು ಎರಡು ಸಲ ಕಿತ್ತೆಸೆದಳು. ಗೊಂದಲ ಎಂದು ಕಡತದಲ್ಲಿ ಬರೆದು, ಎಡಗೈಗೆ ದಪ್ಪ ಕೈಗವಸು ಕಟ್ಟಿದರು. ಹತ್ತೊಂಬತ್ತು ದಿನ ಬದುಕಿದಳು. ಸ್ಟೂರೆ ದಿನವೂ ಅವಳ ಮುಖ ಒರೆಸಿದ, ಮಗ್ಗುಲು ಬದಲಿಸಿದ. ಅವಳು ಅವನ ಜೊತೆಗೂ ಮತ್ತೆ ಮಾತಾಡಲಿಲ್ಲ. ಈಗ ಆ ಹಾಸಿಗೆಯಲ್ಲಿ ಸೊಂಟ ಮುರಿದುಕೊಂಡ ಒಬ್ಬ ಬಡಗಿ ಮಲಗಿದ್ದಾನೆ, ಒಳ್ಳೆಯ ಹರಟೆಮಲ್ಲ. ಆದರೂ ಸ್ಟೂರೆ ಆ ಕೋಣೆಗೆ ಕಾಲಿಟ್ಟಾಗ ಕೇಳುವುದು ಬೇರೆಯೇ ದನಿ.

"ಟ್ಯೂಬು ಬೇಡ ಅಂತ ಅವರಿಗೆ ಹೇಳು ಮಗು, ನನ್ನನ್ನ ಹೋಗೋಕೆ ಬಿಡಿ ಅಂತ ಹೇಳು" ಎಂದು ಅವಳು ಐದು ದಿನ ಅವರಿಬ್ಬರ ತಾಯಂದಿರ ಭಾಷೆಯಲ್ಲೇ ಕೇಳಿಕೊಂಡದ್ದನ್ನು ಸ್ಟೂರೆ ಯಾರಿಗೂ ಹೇಳಲಿಲ್ಲ.